ಹಂಗಳದ ಮಂಟಪ ಕಟ್ಟಿಸಿದವಳಿಗೆ

ಗುಂಡ್ಲುಪೇಟೆ
14 ನವೆಂಬರ್ 2025, ಶುಕ್ರವಾರ

ಪವಿತ್ರಾ,

ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಈ ವಾರ ಎರಡು ಸಲ ಫೋನ್ ಮಾಡಿದೆನಲ್ಲ, ಎರಡು ಸಲವೂ ಈ ವಿಷಯ ಹೇಳುವುದಕ್ಕೇ ಮಾಡಿದ್ದು. ನೀನು ‘ಏಳಮ್ಮಿ’ ಅಂದ ಕೂಡಲೇ ಮಗಳ ಜ್ವರದ ಮಾತಾಡಿ ಇಟ್ಟುಬಿಟ್ಟೆ. ಅವಳಿಗೆ ಜ್ವರ ಇರಲಿಲ್ಲ.

ಸುತ್ತಿ ಬಳಸಿ ಬರೆದರೆ ಮತ್ತೆ ತಪ್ಪಿಸಿಕೊಳ್ಳುತ್ತೇನೆ. ನಿನ್ನ ಲೈಸೆನ್ಸ್ ಅರ್ಜಿ ವಾಪಸ್ ಬಂದದ್ದು ನನ್ನಿಂದ. ಹಂಗಳದ ಕಲ್ಯಾಣ ಮಂಟಪ, ಹರವೆಯ ಅರಿಸಿನದ ಗೋದಾಮು, ಇಲ್ಲಿ ಗುಂಡ್ಲುಪೇಟೆಯ ಮೂರಂತಸ್ತಿನ ಅಂಗಡಿ ಕಟ್ಟಡ, ಈ ಮೂರನ್ನೂ ಯಾರೋ ಮೊದಲೇ ತಮ್ಮ ಅನುಭವ ಅಂತ ತೋರಿಸಿಕೊಂಡಿದ್ದಾರೆ ಅಂತ ಕಚೇರಿಯವರು ಅಂದರಲ್ಲ, ಅದು ನೀನು ಅಂದುಕೊಂಡ ಹಾಗೆ ನಮ್ಮ ಆಫೀಸಿನಲ್ಲಿದ್ದ ಮಾದೇಶ ಅಲ್ಲ. ನಾನು.

ಹೇಗಾಯಿತು ಅಂತ ಹೇಳುತ್ತೇನೆ. ಹೇಳಿದರೆ ತಪ್ಪು ಕಡಿಮೆಯಾಗುತ್ತದೆ ಅಂತಲ್ಲ.

ಕಂಟ್ರಾಕ್ಟರ್ ಮಲ್ಲಿಕಾರ್ಜುನಸ್ವಾಮಿ ಸಾರ್ ಆಫೀಸಿಗೆ ನನ್ನನ್ನು ಸೇರಿಸಿದವಳೇ ನೀನು. ನಾನು ಬಿ.ಇ. ಮುಗಿಸಿ ಬರುವ ಹೊತ್ತಿಗೆ ನೀನು ಡಿಪ್ಲೊಮಾ ಮಾಡಿ ಎರಡೂವರೆ ವರ್ಷ ಸೈಟು ಕಂಡಿದ್ದೆ. ಕಬ್ಬಿಣ ಕಟ್ಟಿರುವುದನ್ನು ನೋಡಿ ತಪ್ಪು ಎಲ್ಲಿದೆ ಅಂತ ಹಿಡಿಯುವುದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ನೀನು. ಆಮೇಲೆ ನನ್ನ ಮದುವೆ, ಮಗು; ಹತ್ತಿರ ಹತ್ತಿರ ಮೂರು ವರ್ಷ ಮನೆಯಲ್ಲೇ ಉಳಿದೆ. ನೀನು ಮಂಟಪ ಕಟ್ಟಿಸಿದ್ದು ಆಗ. ದಿನಾ ಸಂಜೆ ಬಸ್ಸು ಕಾಯುತ್ತಾ ಫೋನ್ ಮಾಡಿ ಅವತ್ತಿನದೆಲ್ಲ ಹೇಳುತ್ತಿದ್ದೆ. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳುತ್ತಿದ್ದೆ. ಆ ಫೋನಿಗಾಗಿ ನಾನು ಮಧ್ಯಾಹ್ನದಿಂದಲೇ ಕಾಯುತ್ತಿದ್ದೆ ಅಂತ ನಿನಗೆ ಗೊತ್ತಿರಲಿಕ್ಕಿಲ್ಲ.

ನಾನು ವಾಪಸ್ ಕೆಲಸಕ್ಕೆ ಬಂದಾಗ ನೀನು ಬೇರೆ ಕಂಟ್ರಾಕ್ಟರ್ ಹತ್ತಿರ ಹೋಗಿಯಾಗಿತ್ತು. ಸಾರ್ ಗುಂಡ್ಲುಪೇಟೆಯಲ್ಲೂ ಒಂದು ಆಫೀಸು ತೆರೆಯುವವರಿದ್ದರು. ಅಲ್ಲಿ ಕೂತು ಮನೆ ನಕ್ಷೆಗಳಿಗೆ ರುಜು ಹಾಕಲು ಲೈಸೆನ್ಸ್ ಇರುವ ಎಂಜಿನಿಯರ್ ಬೇಕಿತ್ತು. ಬಿ.ಇ. ಆದವರಿಗೆ ಐದು ವರ್ಷದ ಅನುಭವ ಸಾಕು, ಡಿಪ್ಲೊಮಾದವರಿಗೆ ಹತ್ತು. ನನ್ನ ಹತ್ತಿರ ಇದ್ದದ್ದು ಎರಡು ವರ್ಷ ನಾಲ್ಕು ತಿಂಗಳು. ಮನೆಯಲ್ಲಿದ್ದ ವರ್ಷಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಲ್ಲ. ಸಾರ್ ಅನುಭವದ ಸರ್ಟಿಫಿಕೇಟ್ ಟೈಪ್ ಮಾಡಿಸಿದರು. ಅದರಲ್ಲಿ ನಿನ್ನ ಮೂರು ಕೆಲಸ ನನ್ನ ಹೆಸರಿಗೆ ಬಂದವು. ‘ಮೇಲೆ ಬರೆದದ್ದೆಲ್ಲ ಸತ್ಯ’ ಅಂತಿದ್ದ ಸಾಲಿನ ಕೆಳಗೆ ನಾನು ರುಜು ಮಾಡಿದೆ. ಕೈ ನಡುಗಲಿಲ್ಲ ಪವಿ. ನಡುಗಿತು ಅಂತ ಬರೆಯಬೇಕು ಅನ್ನಿಸಿತ್ತು.

ಚಾಮರಾಜನಗರದ ಕಚೇರಿಯಲ್ಲಿ ಸಂದರ್ಶನಕ್ಕೆ ಕರೆದರು. ಮಂಟಪದ ಕೆಲಸದಲ್ಲಿ ಏನು ತೊಂದರೆ ಬಂತು, ನೀವೇನು ಮಾಡಿದಿರಿ ಅಂತ ಅಧಿಕಾರಿ ಕೇಳಿದರು. ತಳಪಾಯದ ಮೂಲೆಯ ಎರಡು ಗುಂಡಿಯಲ್ಲಿ ಕಪ್ಪು ಮಣ್ಣು ಸಿಕ್ಕಿ, ಮೇಸ್ತ್ರಿ ಸಿದ್ದಯ್ಯ ಇಷ್ಟು ಸಾಕು ಅಂದರೂ ನೀನು ಗುಂಡಿಗೆ ಇಳಿದು ನಿಂತು, ಗಟ್ಟಿ ನೆಲ ಸಿಗುವ ತನಕ ಮೇಲೆ ಬರುವುದಿಲ್ಲ ಅಂದಿದ್ದೆಯಲ್ಲ, ಅದನ್ನು ಹೇಳಿದೆ. ‘ನಾನು ಇಳಿದು ನಿಂತೆ ಸಾರ್’ ಅಂದೆ. ನಿನ್ನ ಚಪ್ಪಲಿ ಮಣ್ಣಿನಲ್ಲಿ ಹೂತುಹೋದದ್ದನ್ನೂ ಬಿಡಲಿಲ್ಲ. ಅವರು ನಕ್ಕರು. ಹೆಣ್ಣುಮಕ್ಕಳು ಹೀಗೆ ಸೈಟಿನಲ್ಲಿ ನಿಂತು ಕೆಲಸ ತೆಗೆಯುವುದು ಅಪರೂಪ ಅಂದರು. ನಾನು ಥ್ಯಾಂಕ್ಸ್ ಸಾರ್ ಅಂದೆ. ನಿನ್ನ ಕೆಲಸ ತೆಗೆದುಕೊಂಡದ್ದು ಸಾಲದೆ ನಿನ್ನ ಮಾತನ್ನೂ ತೆಗೆದುಕೊಂಡೆ.

ಹೋದ ತಿಂಗಳು ನಿನಗೆ ಹತ್ತು ವರ್ಷ ತುಂಬಿ ನೀನು ಅರ್ಜಿ ಹಾಕಿದ್ದೇ ನನಗೆ ಗೊತ್ತಿರಲಿಲ್ಲ. ನೀನು ನೇರ ಕಚೇರಿಯಿಂದಲೇ ನಮ್ಮ ಮನೆಗೆ ಬಂದೆ. ಬೀರಯ್ಯಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಜೊತೆಗೆ ಬಂದಿದ್ದರು. ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು, ಮಗಳು ಎಂಜಿನಿಯರ್ ಅಂತ ಕಾಗದ ಕೈಗೆ ತೆಗೆದುಕೊಳ್ಳುವುದನ್ನು ನೋಡಬೇಕು ಅಂತ ಬಂದಿದ್ದವರು. ‘ನನ್ ಸರ್ಟಿಫಿಕೇಟೇ ಸುಳ್ಳು ಅಂದ್ಬುಟ್ರು ಕಣೆ, ಎಲ್ರ ಮುಂದೆ. ಸಾರ್‌ಗೆ ಫೋನ್ ಮಾಡಿದ್ರೆ, ಅವ್ಳು ಬರೀ ಟೇಪ್ ಹಿಡೀತಿದ್ಲು ಅಂದ್ರಂತೆ’ ಅಂದೆ ನೀನು. ನಿನ್ನ ಕಣ್ಣಲ್ಲಿ ನೀರಿರಲಿಲ್ಲ. ಬೀರಯ್ಯಪ್ಪ ಮಾತ್ರ ನನ್ನ ಕಡೆ ತಿರುಗಿ, ‘ನನ್ ಮಗ್ಳು ಬಿಸ್ಲಲ್ಲಿ ಸುಟ್ಟೋಗವಳೆ ಕಣವ್ವ, ಅದು ಸುಳ್ಳು ಎಂಗಾಯ್ತದೆ?’ ಅಂತ ಕೇಳಿದರು. ನನ್ನನ್ನೇ ಕೇಳಿದರು.

ಆಗಲೇ ಹೇಳಬಹುದಿತ್ತು. ನಾನು ಉಪ್ಪಿಟ್ಟು ತಿನ್ನಿ ಅಂದೆ. ನೀನು ಮಾದೇಶನ ಹೆಸರೆತ್ತಿ ಬೈದಾಗ ನಾನು ನಿನ್ನ ತಟ್ಟೆಗೆ ಇನ್ನಷ್ಟು ಬಡಿಸಿದೆ. ಹೊರಡುವಾಗ ನೀನು ಬಾಗಿಲಲ್ಲಿ ನಿಂತು, ‘ನಿಂಗೆ ಲೈಸೆನ್ಸ್ ಐತಲ್ಲ, ಆ ಮಂಟಪ ನಾನೇ ಮಾಡ್ಸಿದ್ದು ಅಂತ ಒಂದು ಕಾಗ್ದ ಬರ್ಕೊಡೆ, ನಿನ್ ಮಾತು ನಂಬ್ತಾರೆ’ ಅಂದೆ. ನೋಡೋಣ ಅಂದೆ ನಾನು. ನೋಡೋಣ!

ಇಪ್ಪತ್ತು ದಿನ ಆ ಕಾಗದ ಬರೆಯದೆ ಕಳೆದೆ. ಮೊನ್ನೆ ಬುಧವಾರ ಚಾಮರಾಜನಗರಕ್ಕೆ ಹೋಗಿ ಬೇರೆಯದೇ ಕಾಗದ ಕೊಟ್ಟೆ. ಈ ಮೂರು ಕೆಲಸ ನಾನು ಮಾಡಿಸಿದ್ದಲ್ಲ, ಬೀರಯ್ಯನವರ ಮಗಳು ಪವಿತ್ರಾ ಅವರು ಮಾಡಿಸಿದ್ದು, ನನ್ನ ಅನುಭವ ಐದು ವರ್ಷಕ್ಕೆ ಸಾಲುವುದಿಲ್ಲ, ಲೈಸೆನ್ಸ್ ವಾಪಸ್ ಕೊಡುತ್ತಿದ್ದೇನೆ ಅಂತ. ಅದೇ ಅಧಿಕಾರಿ. ಎರಡು ಸಲ ಓದಿದರು. ‘ನಿಮ್ಮ ಮೇಲೆ ಕ್ರಮ ಆಗುತ್ತೆ, ಗೊತ್ತಿದೆಯಾ?’ ಅಂದರು. ಗೊತ್ತು ಸಾರ್ ಅಂದೆ. ‘ಹಾಗಾದ್ರೆ ಗುಂಡಿಗೆ ಇಳಿದದ್ದು?’ ಅಂತ ಕೇಳಿದರು. ಅವರಿಗೆ ಅದು ನೆನಪಿತ್ತು ಪವಿ. ಅದೂ ಅವಳೇ ಅಂದೆ. ಅವರು ಮತ್ತೆ ನನ್ನ ಮುಖ ನೋಡಲಿಲ್ಲ.

ಮನೆಯಲ್ಲಿ ನಮ್ಮ ಯಜಮಾನರು ರೇವಂತ್, ಅವಳಿಗೆ ಹೇಗಾದರೂ ಸಹಾಯ ಮಾಡಿ ಇದನ್ನು ಇಲ್ಲಿಗೇ ಬಿಡಬಹುದಿತ್ತು ಅಂದರು. ನಮ್ಮತ್ತೆ ಗುರುಮಲ್ಲಮ್ಮ ಎಲ್ಲ ಕೇಳಿ, ‘ಆ ಹೆಣ್ಮಗ ಬಂದಾಗ ಉಪ್ಪಿಟ್ಟು ಕೆದಕ್ದೋಳು ನಾನು. ಅವ್ಳ ಮುಂದೆ ಕುಂತು ನೀನೂ ತಿಂದ್ಯಲ್ಲವ್ವ, ಗಂಟ್ಲಲ್ಲಿ ಎಂಗಿಳೀತು?’ ಅಂದರು. ಅಷ್ಟೇ. ಅವತ್ತಿನಿಂದ ನಾನು ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದೇನೆ.

ಸಾರ್ ನನ್ನನ್ನು ಕೆಲಸದಿಂದ ತೆಗೆದರು. ನಾನು ರುಜು ಹಾಕಿದ್ದ ನಕ್ಷೆಗಳ ಮನೆಯವರಿಗೆಲ್ಲ ನಾನೇ ಹೋಗಿ ಹೇಳುತ್ತಿದ್ದೇನೆ, ಇನ್ನೊಬ್ಬ ಎಂಜಿನಿಯರ್ ಹತ್ತಿರ ತೋರಿಸಿ ಅಂತ. ನಿನ್ನೆ ನಾಗಲಕ್ಷ್ಮಿ ಅನ್ನುವ ಟೀಚರ್ ಮನೆಗೆ ಹೋಗಿದ್ದೆ. ತಳಪಾಯ ಆಗಿದೆ, ಕಾಲಂ ಎದ್ದಿವೆ. ಅವರು ಹೆದರಿ, ‘ಮನೆ ಬೀಳ್ತದಾ ಮೇಡಂ?’ ಅಂತ ಕೇಳಿದರು. ಬೀಳುವುದಿಲ್ಲ, ಲೆಕ್ಕ ಸರಿಯಿದೆ, ಆದರೂ ಬೇರೆಯವರು ನೋಡಲಿ ಅಂದೆ. ಅವರು ಒಂದು ಕಾಲಂ ಅನ್ನು ಕೈಯಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಇನ್ನೂ ನಾಲ್ಕು ಮನೆ ಇವೆ.

ಮಾದೇಶನಿಗೂ ಫೋನ್ ಮಾಡಿ ಹೇಳಿದ್ದೇನೆ. ನೀನು ಅವನ ಹತ್ತಿರ ಮಾತು ಬಿಟ್ಟದ್ದು ಯಾಕೆ ಅಂತ ಪಾಪ ಅವನಿಗೆ ಗೊತ್ತೇ ಇರಲಿಲ್ಲ.

ಈಗ ನಿನ್ನ ಕೆಲಸದ ಮಾತು. ನಿನ್ನ ಫೈಲು ಮತ್ತೆ ತೆಗೆದಿದ್ದಾರೆ. ಇದೇ 24ಕ್ಕೆ, ಸೋಮವಾರ ಹನ್ನೊಂದು ಗಂಟೆಗೆ ನೀನು ಹೋಗಬೇಕು. ಸೈಟಿನ ಫೋಟೋ, ಅಳತೆ ಬರೆದ ಪುಸ್ತಕ, ಏನಿದೆಯೋ ಎಲ್ಲ ತೆಗೆದುಕೊಂಡು ಹೋಗು. ಸಿದ್ದಯ್ಯನವರನ್ನು ಕೇಳಿದೆ, ಸಾಕ್ಷಿ ಹೇಳಲು ಬರುತ್ತಾರಂತೆ; ‘ಗುಂಡಿ ವಿಚಾರ ನಾನೇ ಏಳ್ತೀನಿ ಬುಡಿ’ ಅಂದರು. ನನ್ನ ಹೇಳಿಕೆಯ ಪ್ರತಿ ಇದರೊಳಗಿಟ್ಟಿದ್ದೇನೆ, ಕಚೇರಿಯ ಸೀಲು ಇದೆ. ಬೀರಯ್ಯಪ್ಪನನ್ನು ಕರೆದುಕೊಂಡು ಹೋಗು. ಅವತ್ತು ನಾನು ಆ ಕಡೆ ಬರುವುದಿಲ್ಲ.

ಕ್ಷಮಿಸು ಅಂತ ಕೇಳುತ್ತಿಲ್ಲ. ಉತ್ತರ ಬರೆಯಬೇಕಾಗಿಲ್ಲ. ಸುಳ್ಳು ಲೈಸೆನ್ಸಿನ ಮೇಲೆ ಮಾಡಿದ ಕೆಲಸ ಲೆಕ್ಕಕ್ಕೆ ಬರುವುದಿಲ್ಲ, ನನಗೆ ಇನ್ನೂ ಎರಡು ವರ್ಷ ಎಂಟು ತಿಂಗಳ ಅನುಭವ ಬೇಕು. ಮತ್ತೆ ಯಾರಾದರೂ ಕೆಲಸ ಕೊಟ್ಟರೆ ಮೊದಲಿನಿಂದ ಮಾಡುತ್ತೇನೆ.

ಶಿವರಂಜಿನಿ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಮೂರು ಕೆಲಸ ನನ್ನ ಹೆಸರಿಗೆ ‘ಬಂದವು’ ಅಂತ ಬರೆದಿದ್ದೇನೆ. ತಾವಾಗಿ ಬರಲಿಲ್ಲ. ಅವತ್ತು ಸಾರ್ ಮೇಜಿನ ಮೇಲೆ ಆಫೀಸಿನ ಹಳೆಯ ಕೆಲಸಗಳ ಪಟ್ಟಿಯೆಲ್ಲ ಇತ್ತು, ನಾಲ್ಕೈದು ಜನರದ್ದು. ಯಾವುದು ಹಾಕಲಿ ಅಂತ ಅವರು ಕೇಳಿದರು. ‘ಪವಿತ್ರಂದು ಹಾಕಿ ಸಾರ್, ಅವಳು ಡಿಪ್ಲೊಮಾ, ಲೈಸೆನ್ಸು ಗೀಸೆನ್ಸು ಅಂತ ಅವಳು ಯಾವತ್ತೂ ಬರಲ್ಲ’ ಅಂದವಳು ನಾನು.