ಬೆಳಿಗ್ಗೆಯೇ ಹಾಕಿಟ್ಟ ಮಧ್ಯಾಹ್ನದ ಟಿಕ್ಕು

ಭಾನುವಾರ, ಬೆಳಿಗ್ಗೆ ಒಂಬತ್ತು

ಮುನಿಸಿಕೊಂಡು ಹೋದ ನನ್ನ ಮಗಳೇ,

ಕ್ಷೇಮ ಸಮಾಚಾರ ಕೇಳುವ ಮುಖ ನನಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಾಯಿಮರಿ ಮನೆಗೆ ಬಂದ ದಿನ ನಾನು ಕೊಟ್ಟ ಮಾತು ನಾಲ್ಕು. ಒಂದು, ಅದನ್ನು ಕೂಡಿಹಾಕುವುದಿಲ್ಲ. ಎರಡು, ಮಧ್ಯಾಹ್ನ ಒಂದು ಗಂಟೆಯ ಊಟದ ಬಿಡುವಿನಲ್ಲಿ ಮನೆಗೆ ಬಂದು ಅದನ್ನು ಹೊರಗೆ ಬಿಡುತ್ತೇನೆ. ಮೂರು, ನೆಲ ಒದ್ದೆ ಮಾಡಿದರೆ ಕೈ ಎತ್ತುವುದಿಲ್ಲ. ನಾಲ್ಕು, ಮಾಡಿದ್ದನ್ನು ಮಾಡಿದೆ, ಮಾಡದ್ದನ್ನು ಮಾಡಲಿಲ್ಲ ಎಂದು ಗೋಡೆಯ ಪಟ್ಟಿಯಲ್ಲಿ ಗುರುತು ಹಾಕುತ್ತೇನೆ.

ಉಳಿಸಿಕೊಳ್ಳದೆ ಹೋದದ್ದೂ ನಾಲ್ಕು. ಅವೇ ನಾಲ್ಕು.

ಮಾತು ತಪ್ಪಿದ್ದರ ಇಂಥ ಪಟ್ಟಿಗಳನ್ನು ಹದಿನೈದು ವರ್ಷದಿಂದ ಮ್ಯಾನೇಜರುಗಳ ಮುಂದೆ ಗಂಟಲು ಹರಿಯುವಂತೆ ಓದಿದವಳು ನಾನು. ನನ್ನ ಮೇಲೆ ನಾನೇ ಬರೆದುಕೊಳ್ಳಬೇಕಾಗಿ ಬಂದದ್ದು ಇದೇ ಮೊದಲು. ಮುಖ ಸುಡುತ್ತಿದೆ. ಫೋನ್ ಮಾಡಿದರೆ ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ. ಮಧ್ಯಾಹ್ನ ನಿನ್ನಪ್ಪನ ಡ್ಯೂಟಿ ಬಸ್ಸು ದೊಡ್ಡಮ್ಮನ ಮನೆಯ ಸ್ಟಾಪಿನಲ್ಲಿ ನಿಂತಾಗ ನಿನ್ನ ಕೈಗೆ ಕೊಡುತ್ತಾರೆ. ಹರಿದುಹಾಕುವುದಾದರೆ ಓದಿ ಹರಿ.

ನೀನು ನನ್ನ ಮಗಳೇ ಸರಿ. ನಾಯಿಮರಿ ಬೇಕೆಂದು ಅಳಲಿಲ್ಲ, ಊಟ ಬಿಡಲಿಲ್ಲ. ಬೇಡಿಕೆ ಪಟ್ಟಿ ತಂದಿಟ್ಟೆ. ಮೇಲೆ ದಪ್ಪಕ್ಷರದಲ್ಲಿ ‘ಉಂಡೆಯ ಹಕ್ಕುಗಳು’ ಎಂದು ಬರೆದಿದ್ದೆ. ಮರಿ ಇನ್ನೂ ಮನೆಗೇ ಬಂದಿರಲಿಲ್ಲ, ಆಗಲೇ ದಾರದುಂಡೆಯ ಹಾಗೆ ಉರುಳುತ್ತದೆಂದು ಅದಕ್ಕೆ ಹೆಸರಿಟ್ಟಾಗಿತ್ತು. ನಿನ್ನಪ್ಪ ಓದಿ ನಕ್ಕರು. “ಸಹಿ ಹಾಕಿಬಿಡೇ. ಇಲ್ದಿದ್ರೆ ನಾಳೆ ಅಡುಗೆಮನೆ ಬಾಗಿಲಲ್ಲಿ ಧರಣಿ ಕೂರ್ತಾಳೆ, ನಮಗೆ ಅನ್ನ ಹುಟ್ಟಲ್ಲ” ಎಂದರು. ನಾನೂ ಬೀಗಿದೆ. ನನ್ನ ಗರಡಿಯಲ್ಲಿ ಪಳಗಿದ ಹುಡುಗಿ ಎಂದು ಹೆಮ್ಮೆಯಿಂದ ಸಹಿ ಹಾಕಿದೆ.

ನಾಯಿಡಾಕ್ಟರಮ್ಮ ಹೇಳಿದ್ದು ನೆನಪಿದೆ. ನಿನಗಿಂತ ಚೆನ್ನಾಗಿ ನೆನಪಿದೆ. “ಮರಿಗೆ ಎಷ್ಟು ತಿಂಗಳೋ ಅಷ್ಟು ಗಂಟೆ, ಮೇಲೊಂದು ಗಂಟೆ ತಡ್ಕೊಳ್ಳತ್ತೆ, ಅಷ್ಟೇ. ಅದಕ್ಕಿಂತ ಮೇಲೆ ಅದರ ಕೈಲಾಗಲ್ಲ. ಆಮೇಲೆ ಬೈದ್ರೆ ಗೋಡೆಗೆ ಬೈದ ಹಾಗೆ.” ಆಗ ಉಂಡೆಗೆ ಎರಡೂವರೆ ತಿಂಗಳು. ಮನೆಯ ದಿನಚರಿಯನ್ನೆಲ್ಲ ಬಿಚ್ಚಿ ಮತ್ತೆ ಹೊಲಿದವಳು ನೀನು. ಬೆಳಗಿನ ಮೊದಲ ಬಸ್ಸಿಗೆ ಹೊರಡುವ ಮುಂಚೆ ಅಪ್ಪ. ತಿಂಡಿ ಹಾಕಿದ ಮೇಲೆ ನೀನು. ಕಾರ್ಖಾನೆಗೆ ಹೊರಡುವ ಮುಂಚೆ ಒಂಬತ್ತಕ್ಕೆ ನಾನು. ಒಂದು ಗಂಟೆಗೆ ಮತ್ತೆ ನಾನು. ನಾಲ್ಕಕ್ಕೆ ಶಾಲೆಯಿಂದ ಬಂದು ನೀನು. ಒಂಬತ್ತರಿಂದ ಒಂದು ಎಂದರೇ ಹೆಚ್ಚಾಯಿತು ಎಂದು ಡಾಕ್ಟರಮ್ಮ ಮೂಗು ಮುರಿದಾಗ ನೀನು ನನ್ನ ಪರ ವಾದಿಸಿದೆ. “ನಮ್ಮಮ್ಮ ಒಂದು ನಿಮಿಷಾನೂ ಲೇಟ್ ಮಾಡಲ್ಲ ಮೇಡಂ” ಎಂದೆ. ಈ ಕಾಗದ ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿರುವುದು ಆ ಮಾತು.

ಮೊದಲ ವಾರ ಬಂದೆ. ಸುಳ್ಳಲ್ಲ. ಏಳು ನಿಮಿಷ ಬರುವುದಕ್ಕೆ, ಏಳು ಹೋಗುವುದಕ್ಕೆ, ಹತ್ತು ನಿಮಿಷ ಹಿತ್ತಲಲ್ಲಿ. ಅರ್ಧ ಗಂಟೆಯ ಬಿಡುವಿನಲ್ಲಿ ತುತ್ತು ನುಂಗಿದರೆ ನುಂಗಿದೆ, ಇಲ್ಲದಿದ್ದರೆ ಇಲ್ಲ. ಎರಡನೇ ವಾರ ಕಾರ್ಖಾನೆಯಲ್ಲಿ ಟೋಕನ್ ಗಲಾಟೆ ಎದ್ದಿತು.

ಟೋಕನ್ ಏನೆಂದು ನಿನಗೆ ಗೊತ್ತು. ನಮ್ಮ ಲೈನಿನಲ್ಲಿ ಷರಟಿನ ತೋಳು, ಕಾಲರ್, ಗುಂಡಿಪಟ್ಟಿ ಹೊಲಿಯುವ ನಲವತ್ತು ಹೆಂಗಸರು. ಸೂಪರ್‌ವೈಸರನ ಮೇಜಿನ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಬಿಲ್ಲೆ ಒಂದೇ ಒಂದು. ಆ ಬಿಲ್ಲೆ ಕೈಯಲ್ಲಿದ್ದವಳು ಮಾತ್ರ ಶೌಚಕ್ಕೆ ಹೋಗಬಹುದು. ಉಳಿದವರು ಹಲ್ಲು ಕಚ್ಚಿ ಹೊಲಿಯಬೇಕು. ನೀರು ಕುಡಿಯುವುದನ್ನೇ ಬಿಟ್ಟವರಿದ್ದಾರೆ. ಉರಿ ತಡೆಯದೆ ಮೆಷೀನಿನ ಮೇಲೆ ತಲೆಯಿಟ್ಟು ಅತ್ತವರಿದ್ದಾರೆ. ಇದರ ಮೇಲೆ ಒಂದು ರಿಜಿಸ್ಟರು. ಪ್ರತಿಯೊಬ್ಬಳೂ ದಿನಕ್ಕೆ ಎರಡು ಸಲ ಹೋಗಿಬಂದಳು ಎಂದು ಸೂಪರ್‌ವೈಸರ್ ಬೆಳಿಗ್ಗೆಯೇ ಬರೆದಿಡುತ್ತಿದ್ದ. ಅದನ್ನು ಹಿಡಿದವಳು ನಾನೇ. ಗೇಟಿನ ಮುಂದೆ ಸ್ಟೂಲ್ ಹತ್ತಿ ಆ ಪುಟ ಎತ್ತಿ ಹಿಡಿದು ಕೂಗಿದೆ: “ಗಂಟೆ ಇನ್ನೂ ಒಂಬತ್ತೂವರೆ, ಸಾಯಂಕಾಲದವರೆಗಿನ ನಮ್ಮ ಉಚ್ಚೆ ಲೆಕ್ಕ ಬರೆದಾಗಿದೆ! ನಮ್ಮ ಹೊಟ್ಟೆಯೊಳಗೆ ಇವನೇನು ಬಾಡಿಗೆಗಿದಾನಾ?” ಹೆಂಗಸರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಂದಿನಿಂದ ಊಟದ ಬಿಡುವೆಂದರೆ ಸಭೆ. ಸಭೆಯೆಂದರೆ ನಾನು.

ಉಂಡೆಯನ್ನು ಬಚ್ಚಲಿಗೆ ಹಾಕಿ ಚಿಲಕ ಎಳೆದದ್ದು ಆ ವಾರ. ಚಪ್ಪಲಿ ಕಚ್ಚುತ್ತದೆ, ಮನೆಯೆಲ್ಲ ಗಲೀಜು ಮಾಡುತ್ತದೆ, ಬಚ್ಚಲಾದರೆ ತೊಳೆದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ದಿನ ಅಂದುಕೊಂಡೆ. ಮಾರನೇ ದಿನವೂ ಒಂದು ದಿನ ಅಂದುಕೊಂಡೆ. ಒಂಬತ್ತರಿಂದ ನಾಲ್ಕು, ಏಳು ಗಂಟೆ. ನೀನು ಬಂದು ಬಚ್ಚಲ ಬಾಗಿಲು ತೆಗೆದಾಗ, “ಒಂದು ಗಂಟೆಗೆ ಹೊರಗೆ ಬಿಟ್ಟು, ಹೋಗ್ತಾ ಅಮ್ಮ ಇಲ್ಲಿ ಹಾಕಿರ್ಬೇಕು” ಎಂದುಕೊಳ್ಳುತ್ತಿದ್ದೆಯಂತೆ. ಪಟ್ಟಿಯಲ್ಲಿ ಒಂದು ಗಂಟೆಯ ಚೌಕಕ್ಕೆ ಟಿಕ್ಕು ಬಿದ್ದಿರುತ್ತಿತ್ತಲ್ಲ.

ಬಾಗಿಲಿನ ಒಳಮೈಯಲ್ಲಿ, ಗೇಣೆತ್ತರದಲ್ಲಿ ಗೀರುಗಳಿವೆ. ದಿನವೂ ಅದೇ ಬಚ್ಚಲಲ್ಲಿ ಸ್ನಾನ ಮಾಡುವವಳಿಗೆ ಕಾಣಲಿಲ್ಲವೇ ಎಂದು ನೀನು ಕೇಳಬಹುದು. ಕಂಡಿತ್ತು. ನಿನ್ನೆ ನಾನೂ ಒಳಗೆ ಕೂತು ಚಿಲಕ ಹಾಕಿಸಿಕೊಂಡು ನೋಡಿದೆ ಎಂದೆಲ್ಲ ಬರೆದು ನಿನ್ನನ್ನು ಕರಗಿಸುವುದಿಲ್ಲ. ಹಾಗೆ ಮಾಡಲೂ ಇಲ್ಲ.

ಇನ್ನು ಏಟು. ಹೊಡೆದೆಯಾ ಎಂದು ನೀನು ಕೇಳಿದೆ, ನಾನು ಇಲ್ಲ ಎಂದೆ. ಹೊಡೆದಿದ್ದೇನೆ. ಗೇಟಿಗೆ ಕಟ್ಟಲು ಬ್ಯಾನರ್ ಹೊಲಿದು ನೆಲದ ಮೇಲೆ ಹರಡಿದ್ದೆ. ಭಾನುವಾರ, ನೀನು ಅಪ್ಪನ ಜೊತೆ ಹೊರಗೆ ಹೋಗಿದ್ದೆ. ‘ಬಿಡುವು ನಮ್ಮ ಹಕ್ಕು’ ಎಂಬ ಕೆಂಪಕ್ಷರಗಳ ಮೇಲೆ ಉಂಡೆ ಹೋಗಿ ಕೂತು ಮಾಡಿತು. ಕೈಯಲ್ಲಿ ಅಳತೆಕೋಲಿತ್ತು. ಹೊಡೆದೆ. ಮಂಚದ ಕೆಳಗೆ ನುಸುಳಿತು. ಬಗ್ಗಿ ಎಳೆದು ಮತ್ತೆ ಹೊಡೆದೆ. ಕೋಪದಲ್ಲಿ ಮಾಡಿದ್ದು ಎನ್ನಲು ಮೊದಲ ಏಟಿಗೆ ಆಗುತ್ತದೆ, ಬಗ್ಗಿ ಎಳೆದದ್ದಕ್ಕೆ ಆಗುವುದಿಲ್ಲ.

ಅಂದಿನಿಂದ ನನ್ನ ನೆರಳು ಬಿದ್ದರೆ ಸಾಕು, ಅದು ಹೊಟ್ಟೆ ನೆಲಕ್ಕೆ ಒತ್ತಿ ನಿಂತಲ್ಲೇ ಒದ್ದೆ ಮಾಡತೊಡಗಿತು. “ಯಾಕಮ್ಮಾ, ನಿನ್ನ ನೋಡಿದ್ರೆ ಮಾತ್ರ ಹಿಂಗ್ಮಾಡತ್ತೆ?” ಎಂದು ನೀನು ಕೇಳಿದ್ದು ಎರಡು ಸಲ. ನಾನು, “ಶಿಸ್ತಿಲ್ಲ ಅದಕ್ಕೆ” ಎಂದೆ. ಸೂಪರ್‌ವೈಸರ್ ನಮ್ಮ ಬಗ್ಗೆ ಮ್ಯಾನೇಜರನಿಗೆ ಹೇಳುವುದೂ ಅದೇ. ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಬುಧವಾರದ್ದನ್ನು ಬರೆಯದೆ ಮುಂದೆ ಹೋಗಬಹುದಿತ್ತು. ನೀನು ಕಂಡದ್ದೇ ಅಲ್ಲವೇ. ಆದರೂ ನನ್ನ ಕೈಯಿಂದ ಬರೆಯಬೇಕು. ಅಂದಿನಿಂದ ನಿನಗೆ ಅರ್ಧ ದಿನದ ಪರೀಕ್ಷೆ ಎಂಬುದನ್ನು ನಾನು ಮರೆತಿದ್ದೆ. ಹನ್ನೆರಡೂ ಮುಕ್ಕಾಲಿಗೆ ನೀನು ಮನೆಗೆ ಬಂದೆ. ಬಚ್ಚಲ ಕತ್ತಲಲ್ಲಿ ಮರಿ ತನ್ನ ಉಚ್ಚೆಯಲ್ಲೇ ಮಲಗಿತ್ತು. ಗೋಡೆಯ ಪಟ್ಟಿಯಲ್ಲಿ, ಇನ್ನೂ ಬಾರದ ಒಂದು ಗಂಟೆಗೆ ನನ್ನ ಟಿಕ್ಕು ಬಿದ್ದಿತ್ತು. ಬೆಳಿಗ್ಗೆ ಕಾರ್ಖಾನೆಗೆ ಹೊರಡುವಾಗಲೇ ಹಾಕಿಟ್ಟಿದ್ದೆ. ಅಂದೊಂದು ದಿನವಲ್ಲ, ದಿನವೂ ಹಾಗೆಯೇ. ಬಾಗಿಲಿಗೆ ಬೀಗ ಹಾಕುವಷ್ಟೇ ಸಲೀಸಾಗಿ.

ನೀನು ಕೂಗಾಡಲಿಲ್ಲ. ಉಂಡೆಯನ್ನು ಟವೆಲ್ಲಿನಲ್ಲಿ ಸುತ್ತಿ, ಪಟ್ಟಿಯನ್ನು ಗೋಡೆಯಿಂದ ಕಿತ್ತುಕೊಂಡು ನೇರ ಗೇಟಿಗೆ ಬಂದೆ. ನಾನು ಸ್ಟೂಲ್ ಮೇಲಿದ್ದೆ. “ನಮ್ಮ ಮೈಯ ಬಿಡುವು ನಮ್ಮದು, ಅದರ ಬೀಗದ ಕೈ ಇನ್ನೊಬ್ಬನ ಹತ್ತಿರ ಇರಬಾರದು” ಎನ್ನುತ್ತಿದ್ದೆ. ಹೆಂಗಸರು ದಾರಿ ಬಿಟ್ಟರು. “ಓ, ಲೀಡರ್ ಮಗಳು ಬಂದ್ಲು, ಬಾಮ್ಮಾ ಮುಂದೆ ಬಾ” ಎಂದರು. ನೀನು ಸ್ಟೂಲಿನ ಮುಂದೆ ಬಂದು ನಿಂತೆ. ಉಂಡೆ ತಲೆ ಎತ್ತಿ ನನ್ನನ್ನು ನೋಡಿತು. ನೋಡಿದ್ದೇ ತಡ, ನಿನ್ನ ಶಾಲೆಯ ಬಟ್ಟೆಯ ಮೇಲೆಲ್ಲ ಹರಿಯಿತು.

ಕಿಸೆ ಹೊಲಿಯುವವಳು ಇದ್ದಾಳಲ್ಲ, ಬಾಯಿಬಡುಕಿ, ಅವಳು, “ಅಕ್ಕಾ, ನಿಮ್ಮ ಭಾಷಣ ಕೇಳಿ ಅದಕ್ಕೂ ಬಂತು ನೋಡಿ!” ಎಂದು ಕಿರುಚಿದಳು. ಎಲ್ಲರೂ ಗೊಳ್ಳೆಂದರು.

ಆ ಹೆಂಗಸರಿಗೆ ಏನೂ ಗೊತ್ತಿರಲಿಲ್ಲ, ಅವರ ನಗುವಿನಲ್ಲಿ ತಪ್ಪಿಲ್ಲ. ನನಗೆ ಎಲ್ಲ ಗೊತ್ತಿತ್ತು. ನಿನ್ನ ಕೈಯಲ್ಲಿದ್ದ ಪಟ್ಟಿ ಕಂಡಿತ್ತು, ನಿನ್ನ ಮುಖ ಕಂಡಿತ್ತು. ಕೆಳಗಿಳಿಯಬೇಕಿತ್ತು. ನಾನು ಸ್ಟೂಲ್ ಮೇಲಿಂದ, “ನೋಡ್ರೇ, ಇದೇ ಪುಣ್ಯ ಮಾಡಿದ್ದು. ಟೋಕನ್ ಕೇಳೋ ಹಂಗಿಲ್ಲ!” ಎಂದೆ. ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ.

ಹೊಡೆದದ್ದಕ್ಕಿಂತ, ಕೂಡಿಹಾಕಿದ್ದಕ್ಕಿಂತ, ಆ ನಗೆಗೆ ನಾಚುತ್ತಿದ್ದೇನೆ ಮಗಳೇ.

ನಾನು ಭಾಷಣ ಮುಗಿಸಿ ಇಳಿಯುವಷ್ಟರಲ್ಲಿ ನೀನಿರಲಿಲ್ಲ. ಸಂಜೆ ದೊಡ್ಡಮ್ಮ ಫೋನ್ ಮಾಡಿದಳು. “ಅವಳಿಗೆ ನಿನ್ನ ಸಾರಿ ಗೀರಿ ಏನೂ ಬೇಡ್ವಂತೆ. ಅದೇ ಸ್ಟೂಲ್ ಹತ್ತಿ ಅದೇ ಹೆಂಗಸರಿಗೆ ನಡೆದದ್ದು ನಡೆದ ಹಾಗೆ ಹೇಳ್ಬೇಕಂತೆ. ಅಲ್ಲೀವರೆಗೂ ಮನೆ ಮೆಟ್ಟಿಲು ತುಳಿಯಲ್ವಂತೆ. ಏನ್ ಹಟಾನೇ ಮಾರಾಯ್ತಿ, ಯಾರನ್ನ ಹೋಲುತ್ತೋ!” ಎಂದಳು. ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿ, ತನ್ನ ಅಂಗಡಿಯ ಬಾಗಿಲು ಇಡೀ ದಿನ ತೆರೆದಿರುತ್ತದೆ, ಉಂಡೆ ಬೇಕೆಂದಾಗ ಹಿತ್ತಲಿಗೆ ಹೋಗಿ ಬರುತ್ತದೆ, ಎರಡೇ ದಿನಕ್ಕೆ ಒಳಗೆ ಮಾಡುವುದು ನಿಂತಿತು ಎಂದೂ ಹೇಳಿದಳು. ಅವಳು ಚುಚ್ಚಲು ಹೇಳಿದ್ದಲ್ಲ. ನನಗೆ ಚುಚ್ಚಿತು.

ಗುರುವಾರ ಸ್ಟೂಲ್ ಹತ್ತಿದೆ, ಹೇಳಲಿಲ್ಲ. ಶುಕ್ರವಾರ ಹತ್ತಿದೆ, ಹೇಳಲಿಲ್ಲ. ನಿನ್ನೆಯೂ ಅಷ್ಟೇ. ನನ್ನಲ್ಲಿ ಒಂದು ಗಟ್ಟಿ ಕಾರಣವಿತ್ತು. ಮಂಗಳವಾರ ಮ್ಯಾನೇಜರನ ಜೊತೆ ಮಾತುಕತೆ. ಅದಕ್ಕೆ ಮುಂಚೆ ಈ ಸುದ್ದಿ ಹೊರಬಿದ್ದರೆ ಅವನು ಬಿಡುತ್ತಾನೆಯೇ? ‘ಮನೇಲಿ ನಾಯಿಮರಿಗೇ ಬಿಡುವು ಕೊಡದವಳು ಇಲ್ಲಿ ಹಕ್ಕಿನ ಮಾತಾಡ್ತಾಳೆ’ ಎಂದು ಆಡಿಕೊಳ್ಳುತ್ತಾನೆ. ನಲವತ್ತು ಹೆಂಗಸರ ನೋವು ನನ್ನೊಬ್ಬಳ ತಪ್ಪಿನಿಂದ ಮಣ್ಣುಪಾಲಾಗಬೇಕೇ? ಮಾತುಕತೆ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಈ ಕಾರಣವನ್ನು ನಿನ್ನೆ ಕಾಲರ್ ಅಕ್ಕನ ಮುಂದೆ ಇಟ್ಟೆ. ನನಗೆ ಮೊದಲ ಸಲ ಘೋಷಣೆ ಕೂಗಲು ಕಲಿಸಿದವಳು, ಇನ್ನೂ ಕಾಲರ್ ಹೊಲಿಯುತ್ತಾಳೆ. ಎಲ್ಲ ಕೇಳಿ ದಾರ ಕಡಿದು ಉಗಿದಳು. “ಮ್ಯಾನೇಜರು ನಮ್ಮನ್ನ ಆಡ್ಕೊಳ್ಳದೇ ಇದ್ದ ದಿನ ಯಾವುದೇ? ಅವನಿಗಲ್ಲ ನೀನು ಹೆದರ್ತಿರೋದು. ನಮಗೆ. ನಮ್ಮೆದುರು ಚಿಕ್ಕವಳಾಗ್ತೀನಿ ಅಂತ. ಮೊದ್ಲು ನೀನೇ ಹೇಳ್ಬಿಟ್ರೆ ಅವನ ಬಾಯಿಗೆ ಏನು ಉಳಿಯತ್ತೆ, ಮಣ್ಣಾ?” ಎಂದಳು. ಸೂಜಿಗೆ ದಾರ ಪೋಣಿಸುತ್ತ, “ಹೇಳಿದ್ಮೇಲೆ ಕೆಲವರು ನಿನ್ನ ಹಿಂದೆ ನಿಲ್ಲದೇ ಹೋಗ್ಬಹುದು. ಅದಕ್ಕೂ ತಯಾರಾಗು. ಮಂಗಳವಾರ ಮಾತಾಡೋಕೆ ನಾನಿದೀನಿ” ಎಂದಳು. ನಾನು ತಲೆ ತಗ್ಗಿಸಿಕೊಂಡು ನನ್ನ ಮೆಷೀನಿಗೆ ಬಂದೆ. ಆಮೇಲೆ ಹೊಲಿದ ತೋಳುಗಳಲ್ಲಿ ಆರು ಉಲ್ಟಾ ಕೂತಿದ್ದವು.

ಮಾತುಕತೆಗೆ ಮುಂಚೆಯೇ ಹೇಳುತ್ತೇನೆ. ಹೇಳಿದ ಮೇಲೂ ಆ ಹೆಂಗಸರು ಬೇಕೆಂದರೆ ಮಾತ್ರ ಮಂಗಳವಾರ ಒಳಗೆ ಹೋಗುತ್ತೇನೆ. ಬೇಡವೆಂದರೆ ಗೇಟಿನ ಹೊರಗೆ ನಿಂತು ಕೂಗುತ್ತೇನೆ, ಕೂಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನೀನು ಮನೆಗೆ ಬರಲೇಬೇಕೆಂದು ಇದರಲ್ಲಿ ಎಲ್ಲೂ ಕೇಳಿಲ್ಲ, ಗಮನಿಸು. ಕೇಳಬೇಕೆಂದು ಪ್ರಾಣ ಹೋಗುತ್ತಿದೆ. ಆದರೂ ಕೇಳಿಲ್ಲ. ಪರೀಕ್ಷೆ ಚೆನ್ನಾಗಿ ಬರಿ. ದೊಡ್ಡಮ್ಮ ಬಡಿಸಿದ್ದನ್ನು ಮರಿಗೇ ಹಾಕಿ ನೀನು ಹಸಿದಿರಬೇಡ.

ನಿನ್ನ ಪಟ್ಟಿಗೆ ಸಹಿ ಹಾಕಿ ಮಾತಿಗೆ ತಪ್ಪಿದವಳು,
ಅಮ್ಮ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಊಟದ ಬಿಡುವೆಂದರೆ ಸಭೆ ಎಂದು ಮೇಲೆ ಬರೆದಿದ್ದೇನಲ್ಲ, ಅದು ಪೂರ್ತಿ ನಿಜವಲ್ಲ. ನಾನು ಮನೆಗೆ ಬಾರದ ಹದಿನೆಂಟು ದಿನಗಳಲ್ಲಿ ಸಭೆ ಇದ್ದದ್ದು ಹನ್ನೊಂದು ದಿನ. ಉಳಿದ ಏಳು ದಿನ ಮೆಟ್ಟಿಲ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಹೆಂಗಸರು, “ಅಕ್ಕ ಇಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತು” ಎನ್ನುತ್ತಿದ್ದರು. ಅದನ್ನು ಕೇಳುತ್ತ ಕೂತಿದ್ದೆ, ಎದ್ದು ಬರಲು ಮನಸ್ಸಾಗಲಿಲ್ಲ. ಇದು ಕಾಲರ್ ಅಕ್ಕನಿಗೂ ಗೊತ್ತಿಲ್ಲ. ಇದನ್ನೂ ಸ್ಟೂಲ್ ಮೇಲೆಯೇ ಹೇಳುತ್ತೇನೆ. ಬರುವುದಾದರೆ ನೀನೊಬ್ಬಳೇ ಬಾ. ಮರಿಯನ್ನು ತರಬೇಡ, ನನ್ನ ಮುಖ ಕಂಡರೆ ಅದಕ್ಕೆ ಭಯ. ಕಾರ್ಖಾನೆಯ ಗೇಟಿನ ಮುಂದೆ, ನಾಳೆ ಸೋಮವಾರ, ಮಧ್ಯಾಹ್ನ ಒಂದು ಗಂಟೆ.