ನಾಲ್ಕು ಬೆರಳು ಮಾರ್ಜಿನ್

ಅವ್ವಾ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರದಲ್ಲಿ ಅಳು ಇಲ್ಲ. ಅತ್ತರೆ ಮುಖ ಊದುತ್ತದೆ, ಊದಿದ ಮುಖ ನಿನಗೆ ಸೇರುತ್ತಿರಲಿಲ್ಲ.

ನನಗಾಗ ಹನ್ನೆರಡು. ಹುಬ್ಬಳ್ಳಿ ಮನೆಯ ಪಡಸಾಲೆಯಲ್ಲಿ ನಿನ್ನ ಹೊಲಿಗೆ ಕ್ಲಾಸು. ಗೋಡೆಯ ಮೇಲೆ ರದ್ದಿ ಅಂಗಡಿಯಿಂದ ತಂದ ಫ್ಯಾಷನ್ ಪತ್ರಿಕೆಯ ಹಾಳೆ: ಮಹಾಯುದ್ಧ ಮುಗಿದ ಹೊಸದರಲ್ಲಿ ಪ್ಯಾರಿಸ್ಸಿನವರು ಹೊಲಿದ ಗೌನು. ಹಿಡಿಯಷ್ಟು ಸೊಂಟ, ಅದರ ಕೆಳಗೆ ಹತ್ತಾರು ಗಜ ಲಂಗ. ಊರವರ ಬ್ಲೌಸಿಗೆಲ್ಲ ನೀನು ಹೊಲಿಗೆಯ ಒಳಗೆ ಹೆಚ್ಚಿನ ಬಟ್ಟೆ, ಮಾರ್ಜಿನ್, ಬಿಡುತ್ತಿದ್ದೆ, ಮೈ ತುಂಬಿದರೆ ಹೊಲಿಗೆ ಬಿಚ್ಚಿಕೊಳ್ಳಲಿ ಎಂದು. ನನ್ನ ಫ್ರಾಕಿನದು ಮಾತ್ರ ಕತ್ತರಿಸಿ ಎಸೆದೆ. "ಮಾರ್ಜಿನ್ ಬಿಟ್ರ ಹೊಟ್ಟಿ ಬೆಳಿತದ. ಆ ಪ್ಯಾರಿಸ್ಸಿನಾಕಿಗೆ ಬೇಕಾಗಿತ್ತೇನು?" ಚಿಕ್ಕಪ್ಪನ ಮದುವೆಯ ಪಂಕ್ತಿಯಲ್ಲಿ, ಎರಡನೇ ಹೋಳಿಗೆಗೆ, ಆ ಫ್ರಾಕು ಪರ್ರೆಂದು ಹರಿಯಿತು. ಎಲ್ಲರಿಗಿಂತ ಮೊದಲು ನಕ್ಕವಳು ನೀನು.

ಕ್ಯಾಲಿಫೋರ್ನಿಯಾದ ಡಬ್ಲಿನ್ನಿಗೆ ಬಂದು ನನ್ನ ಮನೆಯಲ್ಲಿ ನೆಲೆಸಿದ ವಾರವೇ ನಿನ್ನ ಅಳತೆ ಟೇಪು ನನ್ನ ಮಗಳು ನಿಧಿಯ ಸೊಂಟ ಸುತ್ತಿತು. ದಿನಾ ಬೆಳಿಗ್ಗೆ, ಸ್ಕೂಲಿಗೆ ಹೊರಡುವ ಮೊದಲು. ಅವಳ ಲಂಚ್ ಬಾಕ್ಸು ತುಂಬಿದ್ದು ತುಂಬಿದ ಹಾಗೇ ವಾಪಸು ಬರತೊಡಗಿತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಅದು ನನ್ನ ತಪ್ಪು. ನಿನ್ನ ಮುಂದೆ ನಾನು ಯಾವತ್ತಾದರೂ...

ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮಿಗೆ ಹೋದ ಶನಿವಾರ ನೆನಪಿದೆಯಾ? ನಿನ್ನ ಗೋಡೆಯ ಚಿತ್ರದಂಥವೇ ಗೌನುಗಳು. ಒಂದನ್ನು ಒಳಮೈ ಕಾಣುವಂತೆ ತಿರುವಿ ನಿಲ್ಲಿಸಿದ್ದರು. ಸೊಂಟ ಬಿಗಿಯಲು ಕಡ್ಡಿ ಹೊಲಿದ ಪಟ್ಟಿ, ಹೊಲಿಗೆಯುದ್ದಕ್ಕೂ ಅಗಲವಾದ ಮಾರ್ಜಿನ್. ತೊಡುವವರ ಮೈ ಬೆಳೆಯುತ್ತದಲ್ಲ, ಅದಕ್ಕೇ ಬಿಡುತ್ತಿದ್ದರು ಎಂದು ಅಲ್ಲಿನ ಹೆಂಗಸು ವಿವರಿಸಿದಳು.

"ಅಜ್ಜಿ, ದೇ ಲೆಫ್ಟ್ ರೂಮ್ ಫಾರ್ ಹರ್!" ಎಂದಳು ನಿಧಿ.

"ಕಾಲು ನೋಯ್ತಾವ, ಮನಿಗೆ ಹೋಗೂಣು" ಎಂದೆ ನೀನು. ಮರುದಿನ ಬೆಳಿಗ್ಗೆ ಮತ್ತೆ ಟೇಪು ಹಿಡಿದು ನಿಂತಿದ್ದೆ.

ಫ್ಯೂನರಲ್ ಹೋಮಿನಲ್ಲಿ ನಿನಗೆ ಇಳಕಲ್ ಸೀರೆ ಉಡಿಸುವಾಗ ಬ್ಲೌಸು ಏರಲಿಲ್ಲ. ತಿರುವಿ ನೋಡಿದೆ. ನಾಲ್ಕು ಬೆರಳು ಮಾರ್ಜಿನ್, ಅವ್ವಾ! ಎರಡು ಸಲ ಬಿಚ್ಚಿ ಹೊಲಿದ ಗುರುತು, ಇನ್ನೊಂದು ಸಲಕ್ಕಾಗುವಷ್ಟು ಬಟ್ಟೆ. ನಿನ್ನ ಮೈ ಬೆಳೆಯಬಹುದಿತ್ತು. ನಮ್ಮದು? ಬ್ಲೌಸನ್ನು ಬೆನ್ನಿನ ಕಡೆ ಕತ್ತರಿಸಿದರೆ ಮುಂದಿನಿಂದ ಕಾಣುವುದಿಲ್ಲ ಎಂದಳು ಅಲ್ಲಿ ಕೆಲಸ ಮಾಡುವವಳು. ಹೊಲಿಗೆ ಬಿಚ್ಚಲು ಐದು ನಿಮಿಷ ಸಾಕಿತ್ತು. ನಾನು ಕತ್ತರಿಸಿ ಎಂದೆ. ಬಂದವರೆಲ್ಲ "ಎಷ್ಟ್ ಚೆನ್ನಾಗ್ ಕಾಣ್ತಿದಾರೆ ನಿಮ್ಮಮ್ಮ" ಎಂದರು. ನನಗೆ ಖುಷಿಯಾಯಿತು.

ಮೊನ್ನೆಯ ಸುದ್ದಿ ಕೇಳು. ನಿನ್ನ ಜೊತೆಗೇ ಸುಡಲೆಂದು ಶವಪೆಟ್ಟಿಗೆಯಲ್ಲಿ ಇಟ್ಟಿದ್ದ ಟೇಪು ನಿಧಿಯ ಸ್ಕೂಲ್ ಬ್ಯಾಗಿನಲ್ಲಿ ಸಿಕ್ಕಿತು. ಯಾರೂ ನೋಡದಾಗ ಎತ್ತಿಕೊಂಡಿದ್ದಳಂತೆ. "ಟೂ ಇಂಚಸ್ ಲೆಸ್, ಅಮ್ಮಾ. ಅಜ್ಜಿ ವುಡ್ ಬಿ ಸೋ ಪ್ರೌಡ್."

ಸ್ಕೂಲಿನ ಪ್ರಾಮ್ ನೃತ್ಯಕೂಟಕ್ಕೆ ಅವಳ ಗೌನು ನಾನೇ ಹೊಲಿಯುತ್ತಿದ್ದೇನೆ. ಮಾರ್ಜಿನ್ ಬೇಡವೇ ಬೇಡ ಎಂದಿದ್ದಾಳೆ. ಹೇಳದೆ ನಾಲ್ಕು ಬೆರಳು ಬಿಟ್ಟಿದ್ದೇನೆ.

ಮುಂದಿನ ತಿಂಗಳು ನಿನ್ನ ವರ್ಷದ ತಿಥಿ. ಹೋಳಿಗೆ ಮಾಡಿ ಎಡೆ ಇಡಬೇಕು. ಇಡುವುದಿಲ್ಲ. ಬಿಗಿಯಾಯ್ತು, ಹೊಲಿಗೆ ಬಿಚ್ಚಿಕೊಡು ಎಂದು ನಿಧಿ ನನ್ನ ಬಳಿ ಬರುವ ತನಕ ನೀನೂ ಉಪವಾಸ ಇರು.

ನಿನ್ನ ಮಗಳು