ಖಾಲಿ ಬಿಟ್ಟ ಕಾಲಂ

೩-೮-೮೬, ರವಿವಾರ

ಮನೆಯೊಳಗಿನ ಗಾಳಿ ಅಳೆಯುವ ಸಮೀಕ್ಷೆಯಲ್ಲಿ ಇವತ್ತಿಗೆ ಇಪ್ಪತ್ತೆರಡು ಮನೆ. ಕೊನೆಯದು ಲಕ್ಷ್ಮೇಶ್ವರದ ಮಾರ್ತಾಂಡ ಮಾಸ್ತರರದು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಾನಿವತ್ತು ಗದಗಿನ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವುದು ಅವರ ಪುಣ್ಯ. ಅವರ ಹೆಂಡತಿ ಭಾಗೀರಥಿಬಾಯಿ ತೀರಿಕೊಂಡು ವರ್ಷವಾಯಿತು — ಶ್ವಾಸಕೋಶದ ಕ್ಯಾನ್ಸರ್. ಎಂದೂ ತಂಬಾಕು ಮುಟ್ಟಿದವರಲ್ಲ.

ಮಾಸ್ತರರು ಎರಡು ಲೇಖನ ಗೆರೆ ಎಳೆದು ಇಟ್ಟಿದ್ದರು. ಒಂದು, ನೆಲದಿಂದ ಮನೆಯೊಳಗೆ ಸೇರುವ ರೇಡಾನ್ ಅನಿಲ ಕಾರಣ ಅನ್ನುತ್ತದೆ. ಇನ್ನೊಂದು, ಗಂಡ ಸೇದಿದ ಹೊಗೆ. ಎರಡೂ ಕೂಡಿದರೆ ಇನ್ನೂ ಕೆಟ್ಟದ್ದು ಅನ್ನುವವರೂ ಇದ್ದಾರೆ. ವಾದ ಮುಗಿದಿಲ್ಲ.

"ನಮ್ಮ ಮನ್ಯಾಗ ಯಾವುದು ಅಂತ ನನಗ ತಿಳೀಬೇಕು," ಅಂದರು.

ಆ ತಾಯಿ ಮಲಗುತ್ತಿದ್ದ ಒಳಕೋಣೆಯಲ್ಲಿ ಅಳತೆಯ ಕಪ್ ತೂಗುಹಾಕಿದೆ. ಒಳಗೆ ಫಿಲ್ಮ್. ಅನಿಲದ ಗುರುತು ಅದರ ಮೇಲೆ ಮೂಡುತ್ತದೆ. ಮೂರು ತಿಂಗಳಾದ ಮೇಲೆ ಎಣಿಸುವುದು.

ಫಾರ್ಮ್ ತುಂಬಿದೆ. ಗೋಡೆ, ನೆಲ, ಕಿಟಕಿ... 'ಮನೆಯಲ್ಲಿ ಸೇದುವವರು, ಈಗ ಅಥವಾ ಮೊದಲು' — ಅದೊಂದು ಖಾಲಿ. ಉಳಿದ ಇಪ್ಪತ್ತೊಂದು ಮನೆಯಲ್ಲಿ ಕೇಳಿದ್ದೆ. ಇಲ್ಲಿ ನಾಲಿಗೆ ಏಳಲಿಲ್ಲ. ಗೊತ್ತಿಲ್ಲದ್ದೇನಲ್ಲ. ಹುಡುಗರಾಗಿದ್ದಾಗ ಅವರ ಮನೆಗೆ ಹೋದರೆ ಚಿಲಕ ಎರಡು ಸಲ ಬಡಿದು, ಕೆಮ್ಮಿ, ಸ್ವಲ್ಪ ನಿಂತು, ಆಮೇಲೆ ಒಳಗೆ. ಅವರಿಗೆ ಸಿಗರೇಟು ಆರಿಸಲು ಹೊತ್ತು ಕೊಡಬೇಕಲ್ಲ.

೧೪-೧೧-೮೬, ಸಂಜೆ ೬

ಕಾಸ್ಟಿಕ್ ಸೋಡಾದಲ್ಲಿ ಫಿಲ್ಮ್ ಅದ್ದಿ, ತೊಳೆದು, ಎಣಿಸಿದೆ. ಬೇರೆ ಮನೆಗಳದ್ದು ಹದಿನೈದು, ಇಪ್ಪತ್ತು ಗುರುತು. ಮಾಸ್ತರರದು ನೂರಾ ಅರವತ್ತು. ಮೂರು ಸಲ ಎಣಿಸಿದೆ. ಕುಣಿಯುವಷ್ಟು ಸಂತೋಷ, ಆಮೇಲೆ ನಾಚಿಕೆ. ಆದರೂ... ಕಾರಣ ನೆಲದ ಅನಿಲ, ಹೊಗೆಯಲ್ಲ. ಮಾಸ್ತರರು ಬಚಾವಾದರು. ಕೂಡಲೇ ಕಾರ್ಡ್ ಹಾಕಿದೆ.

೨೩-೧೧-೮೬

ಮಾಸ್ತರರೇ ಬಂದರು. ಜೊತೆಗೆ ಅವರ ಮನೆಗೆಲಸದ ಕಳಕವ್ವ. ಕಾರ್ಡ್ ಓದಿ ಅವರಿಗೆ ಸಂತೋಷವಾಗಲಿಲ್ಲ, ಸಂಶಯ ಬಂತು. ವಿಚಾರಿಸಿದರು. ದಸರೆಗೆ ಸುಣ್ಣ ಹಚ್ಚುವಾಗ ಕಪ್ಪಿಗೆ ಸಿಡಿಯಬಾರದೆಂದು ಕಳಕವ್ವ ಅದನ್ನು ಅಂಗಳದ ಹಗೇವಿನಲ್ಲಿ ಇಳಿಬಿಟ್ಟಿದ್ದಳು. ನೆಲದಡಿಯ ಜೋಳದ ಕಣಜ, ಬಾಯಿ ಮುಚ್ಚಿದ್ದು. ಅನಿಲ ತುಂಬದೆ ಏನಾದೀತು? ನೆನಪಾಗಿ ಮೇಲೆತ್ತುವ ಹೊತ್ತಿಗೆ ಒಂದು ತಿಂಗಳು.

"ಸರಕಾರದ ವಸ್ತು, ಜ್ವಾಕಿ ಇರ್ಲಿ ಅಂತ ಇಟ್ಟಿನ್ರಿ," ಅಂದಳು.

ಹಗೇವೂ ಮನೆಯದೇ ಅಲ್ಲವೇ ಸರ್, ಅಂದುಬಿಟ್ಟೆ. ಅನ್ನಬಾರದಿತ್ತು. ಮಾಸ್ತರರು ನಕ್ಕರು.

"ನೀ ನನ್ನ ಶಿಷ್ಯ ಆಗಿರು, ಶ್ರೀಪಾದ. ವಕೀಲ ಆಗಬ್ಯಾಡ. ಆ ಅಂಕಿ ಹೊಡದ ಹಾಕು. ಮತ್ತ ತೂಗಹಾಕು."

ತಮ್ಮನ್ನು ಬಿಡಿಸುವ ಅಂಕಿಯನ್ನು ಹೊಡೆದು ಹಾಕಿಸಲು ಬಸ್ಸು ಹಿಡಿದು ಬರುತ್ತಾರೆ. ಇಂಥವರ ಕೈಯಲ್ಲಿ ಕಲಿತೆ ನಾನು. ಹೆಮ್ಮೆ ಅನ್ನಿಸಿತು, ಹೆದರಿಕೆಯೂ.

೮-೩-೮೭, ರವಿವಾರ

ಎರಡನೆಯ ಫಿಲ್ಮ್. ತಾವೂ ಎಣಿಸುವುದಾಗಿ ಹೇಳಿದ್ದರು, ಬಂದರು. ನಾನು ಮೊದಲೇ ಎಣಿಸಿದ್ದು ಹೇಳಲಿಲ್ಲ. ಮೈಕ್ರೊಸ್ಕೋಪಿಗೆ ಕಣ್ಣು ಹಚ್ಚಿ ಬಹಳ ಹೊತ್ತು ಕೂತರು. "ಹದಿನೇಳು," ಅಂದರು. ನನ್ನದೂ ಹದಿನೇಳು. ಎಲ್ಲರ ಮನೆಯಂಥದೇ ಮನೆ.

ಇದೊಂದು ಅಂಕಿಯಿಂದ ಒಬ್ಬರ ಸಾವಿನ ಕಾರಣ ಯಾವ ವಿಜ್ಞಾನಿಯೂ ಹೇಳಲಾರ ಎಂದು ಗಡಬಡಿಸಿ ಹೇಳಿದೆ. ಸುಳ್ಳಲ್ಲ ಅದು. ಹೌದೆಂದು ತಲೆಯಾಡಿಸಿದರು. ಫಾರ್ಮ್ ಕೇಳಿದರು. ಖಾಲಿ ಕಾಲಂ ಮೇಲೆ ಬೆರಳಿಟ್ಟರು.

"ಹುಡುಗರ ಕಣ್ಣಿಗೆ ಬೀಳಬಾರದಂತ ಒಳಗ ಕೂತು ಸೇದತಿದ್ದೆ, ಕಿಟಕಿ ಹಾಕ್ಕೊಂಡು. ನೀ ಚಿಲಕ ಬಡದಾಗೆಲ್ಲ ಅಕಿ ಸೆರಗಿಲೆ ಹೊಗಿ ಬೀಸತಿದ್ದಳು."

ಮರ್ಯಾದೆ ಎಂದು ನಾನು ಹೊರಗೆ ನಿಂತ ಹೊತ್ತೆಲ್ಲ ಆಕೆ ಒಳಗಿದ್ದರು.

ಪೆನ್ನು ಕೇಳಿದರು. ಕೊಟ್ಟೆ. ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರ. ಸೇದುವವರು — ಒಬ್ಬ. ದಿನಕ್ಕೆ ಹದಿನೆಂಟು. ಮೂವತ್ತೊಂದು ವರ್ಷ. ಆಮೇಲೆ, ನಾನು 'ಕಿಟಕಿ ಎರಡು, ತೆರೆದಿವೆ' ಎಂದು ಬರೆದದ್ದನ್ನು ಹೊಡೆದು ಹಾಕಿ, 'ಆಗ ಮುಚ್ಚಿದ್ದವು' ಎಂದು ಬರೆದರು.